ಆರೈಕೆಯ ಹೊತ್ತಿಗೆ ಲೆಕ್ಕವೆಲ್ಲಿ?

ಪುರಸೈವಾಕ್ಕಂ ಎಂದೊಡನೆ ಚೆನ್ನೈ ನಗರದ ಪರಿಚಯವುಳ್ಳವರ ಮನಸ್ಸಿಗೆ ಗಂಗಾಧರೇಶ್ವರನ ದೇವಾಲಯವೂ, ಹೈರೋಡಿನ ಎರಡು ಪಕ್ಕಗಳಲ್ಲಿ ಒತ್ತೊತ್ತಾಗಿ ನಿಂತ ಜವಳಿ ಮತ್ತು ಚಿನ್ನದ ಅಂಗಡಿಗಳೂ, ಹಬ್ಬದ ದಿನಗಳಲ್ಲಿ ಹೆಜ್ಜೆಯಿಡಲು ತೆರಪಿಲ್ಲದ ಜನಸಂದಣಿಯೂ ಬರುವುದು ಸಹಜ. ಆದರೆ ಈ ಪೇಟೆಗೆ ಇನ್ನೊಂದು ಪೂರ್ವಚರಿತ್ರೆಯುಂಟು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ವ್ಯಾಲೆಂಟೈನ್ ಕಾನೊಲಿ ಎಂಬಾತನು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡವರನ್ನು ಇರಿಸಿಕೊಳ್ಳಲೆಂದು ಒಂದು ಗೃಹವನ್ನು ತೆರೆದದ್ದು ಇದೇ ಪುರಸೈವಾಕ್ಕಂನಲ್ಲಿ. ಆ ಸಂಸ್ಥೆ 1871ರಲ್ಲಿ ನೆರೆಯ ಕೀಳ್ಪಾಕ್ಕಂನ ಲೋಕಾಕ್ ತೋಟಕ್ಕೆ ಸ್ಥಳಾಂತರ ಹೊಂದಿ, ಇಂದಿಗೂ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿದೆ. ಮನೆಯೊಳಗಿನ ಒಬ್ಬ ದುರ್ಬಲನನ್ನು ಯಾರು ನೋಡಿಕೊಳ್ಳಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಈ ಪ್ರಾಂತದಲ್ಲಿ ಪ್ರಭುತ್ವವು ಕೊಟ್ಟ ಮೊದಮೊದಲ ಉತ್ತರಗಳಲ್ಲಿ ಅದೂ ಒಂದು: ಗೋಡೆ ಕಟ್ಟಿ, ಒಳಗೆ ಇರಿಸಿ, ಖರ್ಚನ್ನು ಬೊಕ್ಕಸದಿಂದ ಕೊಡುವುದು.

ಆ ಉತ್ತರ ನಿರ್ದಯವಾದದ್ದೆಂದು ಮನುಷ್ಯರಿಗೆ ತಿಳಿಯಲು ಬಹುಕಾಲ ಹಿಡಿಯಿತು. ತಿಳಿದಮೇಲೆ ಅದನ್ನು ತಿದ್ದಲು ಶ್ರಮಿಸಿದವರಲ್ಲಿ ನಮ್ಮ ಮಂಗಳೂರಿನಲ್ಲಿ 1923ರಲ್ಲಿ ಜನಿಸಿದ ಡಾಕ್ಟರ್ ಶಾರದಾ ಮೆನನ್ ಅವರ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಕೀಳ್ಪಾಕ್ಕಂನ ಆ ಆಸ್ಪತ್ರೆಗೆ 1961ರಲ್ಲಿ ಮೇಲ್ವಿಚಾರಕರಾಗಿ ಬಂದು, 1978ರವರೆಗೆ ಅದರ ಭಾರವನ್ನು ಹೊತ್ತು, ಬಳಿಕ 1984ರಲ್ಲಿ ಸ್ಕಿಜೋಫ್ರೀನಿಯಾ ರೋಗಿಗಳಿಗಾಗಿ 'ಸ್ಕಾರ್ಫ್' ಎಂಬ ಸಂಸ್ಥೆಯನ್ನು ಕಟ್ಟಿದ ಆ ಮಹನೀಯೆಯ ಜೀವಮಾನದ ನಿಷ್ಠೆಯೆಲ್ಲವೂ ರೋಗಿಯನ್ನು ಮನೆಗೂ ದುಡಿಮೆಗೂ ಸಮಾಜಕ್ಕೂ ಹಿಂದಿರುಗಿಸುವುದರಲ್ಲಿತ್ತು. ಮನೆಯವರು ಇಲ್ಲವೆಂಬ ಅಥವಾ ಬೇಡವೆಂದರೆಂಬ ಕಾರಣಮಾತ್ರದಿಂದ ಒಬ್ಬನನ್ನು ಚಿಕಿತ್ಸಾಲಯದಲ್ಲಿ ಉಳಿಸಿಕೊಳ್ಳಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದಾಗ ಆ ನಿಷ್ಠೆ ಶಾಸನದ ರೂಪವನ್ನೂ ಪಡೆಯಿತು. ಬಾಗಿಲು ತೆರೆದದ್ದು ಧರ್ಮವೇ ಸರಿ. ಅದರಲ್ಲಿ ನನಗೆ ಲೇಶವೂ ಸಂಶಯವಿಲ್ಲ. ಆದರೆ ಬಾಗಿಲು ತೆರೆದ ದಿನ ಮನುಷ್ಯನು ಮನೆಗೆ ಬಂದನೇ ಹೊರತು ಅವನಿಗಾಗಿ ಒಳಗೆ ವಿನಿಯೋಗವಾಗುತ್ತಿದ್ದ ಹಣ ಅವನ ಹಿಂದೆ ಬರಲಿಲ್ಲ. ಆಸ್ಪತ್ರೆಯಲ್ಲಿ ಸಂಬಳ ಪಡೆಯುವ ದಾದಿ ಮಾಡುತ್ತಿದ್ದ ಕೆಲಸವನ್ನು ಮನೆಯಲ್ಲಿ ಸಂಬಳವಿಲ್ಲದ ತಾಯಿ ವಹಿಸಿಕೊಂಡಳು. ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯವೆಂದು ಜಮೆಯಾಯಿತು.

ಅಂಗವಿಕಲನುಳ್ಳ ಮನೆಯ ಲೆಕ್ಕವೂ ಇದೇ. ವಿಷಯವು ವಿಶದವಾಗಲೆಂದು ಪುರಸೈವಾಕ್ಕಂನಲ್ಲಿ ಇರಬಹುದಾದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ತಂದೆ ಪೆರಂಬೂರಿನ ರೈಲುಪೆಟ್ಟಿಗೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1955ರಲ್ಲಿ ನೆಹರೂ ಅವರು ಉದ್ಘಾಟಿಸಿದ ಆ ಕಾರ್ಖಾನೆ ಸುತ್ತಣ ಪೇಟೆಗಳ ಎಷ್ಟೋ ಮನೆಗಳಿಗೆ ಅನ್ನವಿತ್ತಿದೆ. ತಾಯಿ ಮದುವೆಗೆ ಮುಂಚೆಯೂ ಅನಂತರ ಕೆಲವು ವರ್ಷಗಳೂ ಶಾಲೆಯೊಂದರಲ್ಲಿ ಪಾಠ ಹೇಳಿದವರು. ಮಗನಿಗೆ ಇಪ್ಪತ್ತನಾಲ್ಕು ವರ್ಷ. ಹುಟ್ಟುವಾಗಲೇ ತಗುಲಿದ ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲುಗಳು ಸ್ವಾಧೀನದಲ್ಲಿಲ್ಲ, ಮಾತು ತೊದಲು. ಬುದ್ಧಿ ಮಾತ್ರ ನಿರ್ಮಲ ಮತ್ತು ಚುರುಕು. ಸ್ನಾನ, ಶೌಚ, ಉಡುಗೆ, ಊಟ, ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುವುದು, ಇವೆಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ಕಂಪ್ಯೂಟರಿನ ಮುಂದೆ ಕೂರಿಸಿದರೆ ಲೆಕ್ಕ ಬರೆಯುವ ಕೆಲಸವನ್ನು ನಿಧಾನವಾಗಿಯಾದರೂ ಶುದ್ಧವಾಗಿ ಮಾಡಬಲ್ಲ.

ಈ ಮನೆಯಲ್ಲಿ ಮೂರು ಆದಾಯಗಳಿವೆ, ಅಥವಾ ಇರಬಹುದಾಗಿತ್ತು: ತಂದೆಯ ಪಿಂಚಣಿ, ತಾಯಿ ತ್ಯಜಿಸಿದ ಸಂಬಳ, ಮಗನು ಮುಂದೆ ಗಳಿಸಬಹುದಾದ ವೇತನ. ಇವುಗಳ ಜೊತೆಗೆ ಸರ್ಕಾರದ ಸಹಾಯಧನ. ಒಂದಕ್ಕೆ ಕೈಯಿಟ್ಟರೆ ಇನ್ನೊಂದು ಅಲುಗುತ್ತದೆ. ಮಗನು ದುಡಿದರೆ ಯಾವ ಸೌಲಭ್ಯ ತಪ್ಪೀತು, ತಾಯಿ ಮರಳಿ ಕೆಲಸಕ್ಕೆ ಹೋದರೆ ಮಗನ ಬಳಿ ಯಾರು, ತಂದೆ ಕಣ್ಣುಮುಚ್ಚಿದ ಮೇಲೆ ಇಬ್ಬರ ಗತಿಯೇನು, ಎಂಬ ಪ್ರಶ್ನೆಗಳು ಅಂಗವೈಕಲ್ಯವುಳ್ಳ ಮನೆಗಳಲ್ಲಿ ಪ್ರತಿರಾತ್ರಿಯೂ ದೀಪವಾರಿಸಿದ ಮೇಲೆ ಏಳತಕ್ಕವು.

ತಾಯಿಯ ಸಂಬಳದಿಂದಲೇ ಆರಂಭಿಸಬೇಕು. ಏಕೆಂದರೆ ಮೊದಲು ಕಳೆದುಹೋಗುವುದು ಅದೇ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನವೊಂದಕ್ಕೆ ಸರಾಸರಿ 137 ನಿಮಿಷಗಳನ್ನೂ ಗಂಡಸರು 75 ನಿಮಿಷಗಳನ್ನೂ ಕಳೆಯುತ್ತಾರೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡುವ ಕಾಲ 289 ನಿಮಿಷ, ಗಂಡಸರು ಕೊಡುವುದು 88. ಇದು ಸಾಧಾರಣ ಸಂಸಾರಗಳನ್ನೆಲ್ಲ ಕೂಡಿಸಿ ತೆಗೆದ ಸರಾಸರಿ. ನಾವು ಕಲ್ಪಿಸಿದಂಥ ಮನೆಯಲ್ಲಿ ಆರೈಕೆಯೆಂಬುದು ನಿಮಿಷಗಳಲ್ಲಿ ಅಳೆಯುವ ಕಾರ್ಯವೇ ಅಲ್ಲ. ಮೈತೊಳೆಸುವುದಕ್ಕೆ ಅರ್ಧ ಗಂಟೆ ಸಾಕಾದೀತು. ಆದರೆ ಆ ಅರ್ಧ ಗಂಟೆ ಯಾವಾಗ ಬೇಕಾದೀತೋ ಎಂದು ಕಾದಿರಬೇಕಾದ್ದು ಇಡೀ ದಿನ. ಸಂಬಳದ ಕೆಲಸಕ್ಕೆ ಹೋಗುವವಳಿಗೆ ಆ ಕಾದಿರುವಿಕೆಯೇ ಅಡ್ಡಿ. ಮತ್ತು ಯಾವ ಸಮೀಕ್ಷೆಯೂ ಯಾವ ಅರ್ಜಿನಮೂನೆಯೂ ಅದನ್ನು ಕೇಳುವುದಿಲ್ಲ. ಅಂಗವೈಕಲ್ಯವನ್ನು ವೈದ್ಯಮಂಡಳಿ ಶೇಕಡಾ ಲೆಕ್ಕದಲ್ಲಿ ಅಳೆಯುತ್ತದೆ: 40 ಆದರೆ ಒಂದು ಸೌಲಭ್ಯ, 75 ಅಥವಾ 80 ಆದರೆ ಇನ್ನೊಂದು. ಮನೆಯ ವರಮಾನವನ್ನು ಕಂದಾಯ ಇಲಾಖೆ ರೂಪಾಯಿಯ ಲೆಕ್ಕದಲ್ಲಿ ಅಳೆಯುತ್ತದೆ. ನೋಡಿಕೊಳ್ಳುವವಳ ಹೊತ್ತನ್ನು ಅಳೆಯುವ ಅಧಿಕಾರಿ ಯಾವ ಕಚೇರಿಯಲ್ಲಿಯೂ ಇಲ್ಲ.

ಈ ಕುರುಡು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಬ್ರಿಟನ್ನಿನಲ್ಲಿ 1976ರಲ್ಲಿ, ಅಶಕ್ತರ ಶುಶ್ರೂಷೆಗಾಗಿ ಉದ್ಯೋಗ ಬಿಟ್ಟವರಿಗೆ ಸರ್ಕಾರವು ಒಂದು ಭತ್ಯೆಯನ್ನು ಏರ್ಪಡಿಸಿತು; ಪತಿಯೊಡನೆ ಬಾಳುವ ವಿವಾಹಿತೆಗೆ ಮಾತ್ರ ಅದು ಸಲ್ಲದೆಂದು ನಿಯಮವನ್ನೂ ಮಾಡಿತು. ಅವಳು ಹೇಗೂ ಮನೆಯಲ್ಲಿರತಕ್ಕವಳಾದ್ದರಿಂದ ಅವಳಿಗೆ ನಷ್ಟವೇನೆಂಬುದು ಆ ನಿಯಮದ ಒಳಗಿನ ತರ್ಕ. ತೀವ್ರ ಅಶಕ್ತಳಾದ ತಾಯಿಯ ಸಲುವಾಗಿ ಕೆಲಸ ಬಿಟ್ಟ ಡ್ರೇಕ್ ಎಂಬ ಗೃಹಿಣಿ ಅದನ್ನು ಪ್ರಶ್ನಿಸಿ ಯೂರೋಪಿಯನ್ ನ್ಯಾಯಾಲಯದವರೆಗೆ ಹೋದಳು. 1986ರ ಜೂನ್ ತಿಂಗಳಿನಲ್ಲಿ ತೀರ್ಪು ಅವಳ ಪಕ್ಷಕ್ಕೆ ಬಂದು, ವಿವಾಹಿತೆಯರಿಗೂ ಆ ಭತ್ಯೆ ದೊರೆಯಿತು. ಹತ್ತು ವರ್ಷಗಳ ಕಾಲ ಒಂದು ಸುಸಂಸ್ಕೃತ ರಾಜ್ಯ ತನ್ನ ಗೃಹಿಣಿಯರ ಶ್ರಮಕ್ಕೆ ಬೆಲೆಯಿಲ್ಲವೆಂದು ಕಾಗದದ ಮೇಲೆಯೇ ಬರೆದಿಟ್ಟಿತ್ತು. ನಾವು ಬರೆದಿಡಲಿಲ್ಲ, ಬರೆಯದೆಯೇ ಹಾಗೆ ನಡೆದುಕೊಂಡೆವು.

ಇಲ್ಲಿ ನ್ಯಾಯಕ್ಕಾಗಿ ಒಂದು ಮಾತು ಹೇಳಬೇಕು. ಭಾರತದ ಶಾಸನ ಈ ವಿಚಾರದಲ್ಲಿ ಮೂಕವಾಗಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 24ನೆಯ ವಿಧಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಕೊಡತಕ್ಕದ್ದೆಂದು ಹೆಸರಿಟ್ಟು ಹೇಳುತ್ತದೆ. ಇತರರಿಗೆ ಕೊಡುವ ಸಹಾಯಕ್ಕಿಂತ ಅಂಗವಿಕಲರಿಗೆ ಕೊಡುವ ಸಹಾಯ ಶೇಕಡಾ 25ರಷ್ಟಾದರೂ ಅಧಿಕವಾಗಿರಬೇಕೆಂದೂ ವಿಧಿಸುತ್ತದೆ. ಆದರೆ ಇದೆಲ್ಲವೂ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಗೆ ಒಳಪಟ್ಟದ್ದೆಂಬ ಷರತ್ತು ಅಲ್ಲಿಯೇ ಇದೆ. ಆದಕಾರಣ ಕೇಂದ್ರದ ಅಂಗವಿಕಲ ಪಿಂಚಣಿ, ಅದೂ ಶೇಕಡಾ 80ರ ವೈಕಲ್ಯವಿದ್ದು ಬಡತನದ ರೇಖೆಯ ಕೆಳಗಿರುವವರಿಗೆ ಮಾತ್ರ, ತಿಂಗಳಿಗೆ 300 ರೂಪಾಯಿಯಲ್ಲಿ 2012ರಿಂದ ನಿಂತಲ್ಲಿಯೇ ನಿಂತಿದೆ. ತಮಿಳುನಾಡು ತನ್ನ ಬೊಕ್ಕಸದಿಂದ ತೀವ್ರ ವೈಕಲ್ಯವುಳ್ಳವರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತಿದೆ. ಕರ್ನಾಟಕ 2024ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮುಂತಾದ ವ್ಯಾಧಿಗಳಿಂದ ನರಳುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿಯನ್ನು ಘೋಷಿಸಿತು. ಕೇರಳವು 'ಆಶ್ವಾಸಕಿರಣ'ವೆಂಬ ಯೋಜನೆಯಿಂದ ಆರೈಕೆದಾರರಿಗೇ ತಿಂಗಳಿಗೆ 600 ರೂಪಾಯಿ ಕೊಡುವ ಪದ್ಧತಿಯನ್ನು ಬಹು ಮೊದಲೇ ಆರಂಭಿಸಿತ್ತು. ಮೊತ್ತಗಳು ಅಲ್ಪವೆಂದು ನಾನು ಹಳಿಯಲಾರೆ. ಅರಸಿನ ಕೈಯಿಂದ ಬಂದ ಆ ಸಾವಿರ ರೂಪಾಯಿ ನೋಡಿಕೊಳ್ಳುವವಳ ಹೆಸರಿಗೆ ಬಂದಾಗ ಅವಳು ಮಾಡುತ್ತಿರುವುದು ಕೆಲಸವೆಂದು ಮೊತ್ತಮೊದಲ ಬಾರಿಗೆ ಒಪ್ಪಿದಂತಾಗುತ್ತದೆ. ಆದರೂ ಮನೆಗೆ ಬಂದು ನೋಡಿಕೊಳ್ಳುವ ಆಯಾಳನ್ನು ಈ ನಗರದಲ್ಲಿ ಒಮ್ಮೆಯಾದರೂ ಗೊತ್ತುಮಾಡಿದವರಿಗೆ, ಈ ಹಣದಲ್ಲಿ ಎಷ್ಟು ದಿನಗಳ ನೆರವು ಸಿಕ್ಕೀತೆಂಬುದನ್ನು ಹೇಳಬೇಕಾಗಿಲ್ಲ.

ಮೊತ್ತಕ್ಕಿಂತ ದೊಡ್ಡ ಸಮಸ್ಯೆ ಸಹಾಯದ ಅಂಚಿನಲ್ಲಿದೆ. ದೇವಾಲಯದ ಕಲ್ಯಾಣಿಗೆ ಸೋಪಾನಗಳುಂಟು. ಒಂದೊಂದೇ ಹೆಜ್ಜೆ ಇಳಿದು ನೀರನ್ನು ಮುಟ್ಟಬಹುದು, ಹಾಗೆಯೇ ಏರಿ ಬರಬಹುದು. ಸಹಾಯಧನದ ನಿಯಮಗಳಲ್ಲಿ ಹೆಚ್ಚಿನವು ಕಟ್ಟೆಯಿಲ್ಲದ ಬಾವಿಗಳು. ಬ್ರಿಟನ್ನಿನ ಆ ಭತ್ಯೆಯೇ ಇದಕ್ಕೆ ನಿದರ್ಶನ. ವಾರಕ್ಕೆ 35 ಗಂಟೆಗಳಾದರೂ ಶುಶ್ರೂಷೆ ಮಾಡುವವರಿಗೆ ಅದು ಸಲ್ಲುತ್ತದೆ. ಆದರೆ ವಾರದ ಸ್ವಂತ ಸಂಪಾದನೆ ಗೊತ್ತಾದ ಮಿತಿಯನ್ನು, 2025ರ ಏಪ್ರಿಲಿನಲ್ಲಿ 196 ಪೌಂಡುಗಳಾಗಿದ್ದುದನ್ನು, ಒಂದು ಪೌಂಡಿನಷ್ಟು ಮೀರಿದರೂ ಇಡೀ ಭತ್ಯೆ ತಪ್ಪುತ್ತದೆ. ತಿಳಿಯದೆ ಮಿತಿಮೀರಿದವರಿಂದ ವರ್ಷಗಳ ಮೊತ್ತವನ್ನು ಒಟ್ಟಾಗಿ ವಸೂಲು ಮಾಡಹೊರಟು ಅಲ್ಲಿ ಈಚೆಗೆ ದೊಡ್ಡ ಕೋಲಾಹಲವೇ ಆಯಿತು. ನಮ್ಮಲ್ಲಿ ಕಾರ್ಮಿಕರ ರಾಜ್ಯವಿಮೆ, ಅಂದರೆ ಇ.ಎಸ್.ಐ., ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವುಳ್ಳವರಿಗೆ ಅನ್ವಯಿಸುತ್ತದೆ. ಕಾರ್ಮಿಕನು ತಾನೇ ಅಂಗವಿಕಲನಾಗಿದ್ದರೆ ಮಿತಿ 25,000. ಆ ವಿಮೆಯ ಒಂದು ಗುಣ ಪ್ರಶಂಸಾರ್ಹ: ದುರ್ಬಲನಾಗಿ ತಂದೆತಾಯಿಯರನ್ನೇ ಅವಲಂಬಿಸಿದ ಮಗುವಿಗೆ ಅದರಲ್ಲಿ ವಯಸ್ಸಿನ ಮಿತಿಯಿಲ್ಲ; ಮಗನು ನಲವತ್ತು ದಾಟಿದರೂ ಅವನ ಚಿಕಿತ್ಸೆ ನಡೆಯುತ್ತದೆ. ಇಂಥ ಮಗನುಳ್ಳ ತಾಯಿಗೆ ಸಂಬಳದಲ್ಲಿ ಬಡ್ತಿ ಬಂದು ಮಿತಿ ದಾಟಿದರೆ, ಆ ವಿಮೆಯ ವಂತಿಗೆಯ ಅವಧಿಯೂ ಅದಕ್ಕೆ ಸೇರಿದ ಸೌಲಭ್ಯದ ಅವಧಿಯೂ ತೀರಿದೊಡನೆ ಚಿಕಿತ್ಸೆಯ ಆಸರೆ ತಪ್ಪುತ್ತದೆ. ಬಡ್ತಿಯ ಸುದ್ದಿ ಕೇಳಿ ಭಯಪಡಬೇಕಾದ ಸ್ಥಿತಿ ಯಾವ ದುಡಿಯುವವಳಿಗೂ ಬರಬಾರದು.

ತಮಿಳುನಾಡು ಒಂದು ಕಡೆ ಇದನ್ನು ಗ್ರಹಿಸಿದಂತೆ ತೋರುತ್ತದೆ. 2023ರ ಸೆಪ್ಟೆಂಬರ್ 15ರಂದು ಆರಂಭವಾದ, ಗೃಹಿಣಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಕಲೈಞರ್ ಮಹಿಳಾ ಹಕ್ಕುಧನ ಯೋಜನೆಯಲ್ಲಿ ಬೇರೆ ಸಾಮಾಜಿಕ ಪಿಂಚಣಿ ಪಡೆಯುವ ಕುಟುಂಬಗಳನ್ನು ಹೊರಗಿಟ್ಟರೂ, ತೀವ್ರ ವೈಕಲ್ಯದ ಪಾಲನಾ ಭತ್ಯೆ ಬರುವ ಮನೆಯ ಹೆಂಗಸಿಗೆ ಆ ತಡೆಯನ್ನು ಸಡಿಲಿಸಿದರು. ಮಗನದು ಮಗನಿಗೆ, ತಾಯಿಯದು ತಾಯಿಗೆ. ಒಂದು ಸಹಾಯ ಇನ್ನೊಂದನ್ನು ನುಂಗಬಾರದೆಂಬ ಈ ಸರಳ ವಿವೇಕ ಎಲ್ಲ ಯೋಜನೆಗಳಿಗೂ ವ್ಯಾಪಿಸಬೇಕು. ಅಂತೆಯೇ ಈ ರಾಜ್ಯದ ನಗರ ಬಸ್ಸುಗಳಲ್ಲಿ 2021ರಿಂದ ಹೆಂಗಸರಿಗೂ ಅಂಗವಿಕಲರಿಗೂ ಟಿಕೆಟಿಲ್ಲದ ಪ್ರಯಾಣವನ್ನು ಕೊಟ್ಟಾಗ, ಅಂಗವಿಕಲನ ಜೊತೆಗೆ ಹೋಗುವವನಿಗೂ ಅದನ್ನು ಕೊಟ್ಟರು. ಪುರಸೈವಾಕ್ಕಂನಿಂದ ಮುಟ್ಟುಕಾಡಿನ ಬಹುವಿಧ ವೈಕಲ್ಯಗಳ ರಾಷ್ಟ್ರೀಯ ಸಂಸ್ಥೆಗೆ ಹೋಗಿಬರುವುದೆಂದರೆ ಒಂದು ಹಗಲು ಪೂರ್ತಿ ಬೇಕು. ಒಬ್ಬನೇ ಹೋಗಲಾರದವನಿಗೆ ಒಬ್ಬನ ಚೀಟಿ ಕೊಟ್ಟು ಪ್ರಯೋಜನವೇನು?

ಇನ್ನು ತಂದೆಯ ಪಿಂಚಣಿಯ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. ಏಕೆಂದರೆ ತಿಳಿಯದೆ ಕಳೆದುಕೊಳ್ಳುವವರು ಇಲ್ಲಿಯೇ ಹೆಚ್ಚು. 2004ಕ್ಕೆ ಮುಂಚೆ ನೇಮಕವಾದ ಕೇಂದ್ರ ಸರ್ಕಾರದ ನೌಕರನು ತೀರಿಕೊಂಡರೆ ಕುಟುಂಬ ಪಿಂಚಣಿ ಮೊದಲು ಹೆಂಡತಿಗೆ, ಅವಳ ತರುವಾಯ, ತನ್ನ ಜೀವನವನ್ನು ತಾನೇ ಗಳಿಸಿಕೊಳ್ಳಲಾರದಷ್ಟು ವೈಕಲ್ಯವುಳ್ಳ ಮಗ ಅಥವಾ ಮಗಳಿಗೆ ಆಜೀವ ಪರ್ಯಂತ ಸಲ್ಲುತ್ತದೆ. ಗಳಿಸಿಕೊಳ್ಳಲಾರದವನೆಂದರೆ ಯಾರು? ಹಿಂದೆ, ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ಮೀರದ ಆದಾಯವುಳ್ಳವನು ಎಂದು ಎಲ್ಲರಿಗೂ ಒಂದೇ ಮಿತಿಯಿತ್ತು. 2021ರ ಫೆಬ್ರವರಿಯಲ್ಲಿ ಅದನ್ನು ಬದಲಾಯಿಸಿದರು. ಈಗ ಆ ಮಗನ ಇತರ ಆದಾಯವು ಸಾಮಾನ್ಯ ದರದ ಕುಟುಂಬ ಪಿಂಚಣಿಗಿಂತ, ಎಂದರೆ ತಂದೆಯ ಕೊನೆಯ ವೇತನದ ಶೇಕಡಾ 30 ಮತ್ತು ಅದಕ್ಕೆ ಸೇರುವ ತುಟ್ಟಿಭತ್ಯೆಗಿಂತ, ಕಡಿಮೆಯಿದ್ದರೆ ಸಾಕು. ನಮ್ಮ ಕಲ್ಪಿತ ಗೃಹಸ್ಥರ ಕೊನೆಯ ವೇತನ 50,000 ಎಂದಿಟ್ಟುಕೊಂಡರೆ 15,000 ರೂಪಾಯಿ ಮತ್ತು ತುಟ್ಟಿಭತ್ಯೆಯ ಮೊತ್ತಕ್ಕೆ ತುಸು ಕಡಿಮೆಯಾಗುವಷ್ಟನ್ನು ಮಗನು ಲೆಕ್ಕ ಬರೆದು ಗಳಿಸಿದರೂ ಪಿಂಚಣಿಗೆ ಭಂಗವಿಲ್ಲ. ಇದು ನಿಜವಾದ ಸುಧಾರಣೆ, ಮಾಡಿದವರನ್ನು ಹೊಗಳಬೇಕು. ಆದರೆ ಅಂಚು ದಾಟಿದೊಡನೆ ಪಿಂಚಣಿಯೆಲ್ಲವೂ ಹೋಗುವ ಸ್ವಭಾವ ಹಾಗೆಯೇ ಉಳಿದಿದೆ. ಮೀರಿದ ಪ್ರತಿ ಎರಡು ರೂಪಾಯಿಗೆ ಪಿಂಚಣಿಯಲ್ಲಿ ಒಂದು ರೂಪಾಯಿಯಂತೆ ಕಳೆಯುತ್ತ ಹೋಗುವ ಏರ್ಪಾಡಿದ್ದರೆ, ಬುದ್ಧಿವಂತನಾದ ಆ ಯುವಕನು ತನ್ನ ಸಾಮರ್ಥ್ಯವನ್ನು ಬೇಕೆಂದೇ ಕುಗ್ಗಿಸಿಕೊಂಡು ಬಾಳಬೇಕಾಗುತ್ತಿರಲಿಲ್ಲ.

ಖಾಸಗಿ ಸಂಸ್ಥೆಗಳಲ್ಲಿ ದುಡಿದು ಭವಿಷ್ಯನಿಧಿಯಲ್ಲಿ ಸೇರಿದವರಿಗೂ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಇಂಥ ಒಂದು ಆಸರೆಯಿದೆ: ಸಂಪೂರ್ಣವೂ ಶಾಶ್ವತವೂ ಆದ ವೈಕಲ್ಯವುಳ್ಳ ಮಗುವಿನ ಪಿಂಚಣಿ ಇಪ್ಪತ್ತೈದನೆಯ ವಯಸ್ಸಿಗೆ ನಿಲ್ಲುವುದಿಲ್ಲ. ಆದಾಯ ತೆರಿಗೆಯಲ್ಲಿ ಇಂಥ ಅವಲಂಬಿತನನ್ನು ಸಾಕುವವರಿಗೆ 75,000 ರೂಪಾಯಿ, ತೀವ್ರ ವೈಕಲ್ಯವಾದರೆ 1,25,000 ರೂಪಾಯಿ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ ಉಂಟು. ಹೊಸ ಪದ್ಧತಿಯನ್ನು ಆಯ್ದವರಿಗೆ ಇಲ್ಲ.

ದುಡಿಮೆಯ ಸ್ಥಳಗಳ ಮಾತಿಗೆ ಬಂದರೆ ಸರ್ಕಾರಿ ನೌಕರಿಗೂ ಮಿಕ್ಕವಕ್ಕೂ ಇರುವ ಅಂತರ ಕಣ್ಣಿಗೆ ರಾಚುತ್ತದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯುಂಟು; ಮಗುವಿಗೆ ವೈಕಲ್ಯವಿದ್ದರೆ ವಯಸ್ಸಿನ ಮಿತಿಯಿಲ್ಲ. ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳುವ ನೌಕರರನ್ನು ಸರದಿಯ ವರ್ಗಾವಣೆಯಿಂದ ಬಿಡಬಹುದೆಂದು 2014ರಲ್ಲಿ ಆಜ್ಞೆಯಾಯಿತು. ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಅಧ್ಯಾಪಿಕೆ, ಮಗನ ಚಿಕಿತ್ಸೆಗಾಗಿ ರಜೆಯೆಲ್ಲ ತೀರಿಹೋಗಿ, ಶಿಶುಪಾಲನಾ ರಜೆ ತನ್ನ ರಾಜ್ಯದ ನಿಯಮಗಳಲ್ಲಿ ಇಲ್ಲವೆಂದು ನಿರಾಕೃತಳಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಹೆಂಗಸರು ಉದ್ಯೋಗದಲ್ಲಿ ಭಾಗವಹಿಸುವುದು ಅನುಗ್ರಹವಲ್ಲ, ಸಂವಿಧಾನದತ್ತವಾದ ಹಕ್ಕು ಎಂದು ನ್ಯಾಯಾಲಯವು 2024ರ ಏಪ್ರಿಲ್ 22ರಂದು ಹೇಳಿತು. ಈ ಮಾತು ಹೈರೋಡಿನ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹೆಂಗಸಿನವರೆಗೆ ಇನ್ನೂ ತಲುಪಿಲ್ಲ. ಅಂಗಡಿಯ ಕೆಲಸದವರಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ತಮಿಳುನಾಡು 2021ರಲ್ಲಿ ಶಾಸನ ಮಾಡಿ ಅವಳ ಕಾಲುನೋವನ್ನು ಗಮನಿಸಿತು. ಅವಳಿಗೆ ಅಂಗವಿಕಲನಾದ ಮಗನಿದ್ದರೆ, ಮಧ್ಯಾಹ್ನ ಒಂದು ಗಂಟೆ ಮನೆಗೆ ಹೋಗಿಬರುವ ಹಕ್ಕನ್ನು ಯಾವ ಶಾಸನವೂ ಕೊಟ್ಟಿಲ್ಲ.

ನಮ್ಮವರ ಪಾಲಿಗೆ ಇದರ ಅತ್ಯಂತ ಕಠೋರವಾದ ರೂಪ ಕಾಸರಗೋಡಿನಲ್ಲಿದೆ. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಎಣ್ಮಕಜೆ, ಪಡ್ರೆ ಮೊದಲಾದ ಕನ್ನಡ ತುಳು ಮಲಯಾಳಗಳು ಬೆರೆತ ಊರುಗಳಲ್ಲಿ, ಮಕ್ಕಳ ದೇಹವಿಕಲತೆಯನ್ನು ವೈದ್ಯರಾದ ವೈ.ಎಸ್. ಮೋಹನಕುಮಾರ್ ಅವರೂ ಪತ್ರಕರ್ತರಾದ ಶ್ರೀ ಪಡ್ರೆಯವರೂ ಲೋಕಕ್ಕೆ ತಿಳಿಸಿದರು. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ಆಜ್ಞಾಪಿಸಿದ ಮೇಲೂ, 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಾಜ್ಯದ ಇನ್ನೊಂದು ತುದಿಯ ತಿರುವನಂತಪುರಕ್ಕೆ ಹೋಗಿ ಸಚಿವಾಲಯದ ಮುಂದೆ ಉಪವಾಸ ಕೂರಬೇಕಾಯಿತು. ಕೂಲಿಗೆ ಹೋದರೆ ಮಗುವನ್ನು ನೋಡುವವರಿಲ್ಲ. ಹೋಗದಿದ್ದರೆ ಒಲೆ ಹೊತ್ತುವುದಿಲ್ಲ. ಬೀಡಿ ಕಟ್ಟುವುದರಂತೆ ಜಗಲಿಯಲ್ಲಿ ಕುಳಿತು ಮಾಡುವ ಕೆಲಸವೇ ಇಂಥವರಿಗೆ ಉಳಿಯುವುದು. ಮಗುವಿನ ಮೇಲೊಂದು ಕಣ್ಣಿಟ್ಟು ಮಾಡಬಹುದಾದ ಕೆಲಸಕ್ಕೆಲ್ಲ ಕೂಲಿ ಕಡಿಮೆ. ಹಗಲುಹೊತ್ತು ಮಕ್ಕಳನ್ನು ಇರಿಸಿಕೊಂಡು ಕಲಿಸುವ ಬಡ್ಸ್ ಶಾಲೆಗಳು ಅಲ್ಲಿಯ ಪಂಚಾಯಿತಿಗಳಲ್ಲಿ ನಡೆಯುತ್ತವೆ. ತಾಯಿಗೆ ತನ್ನ ಹೊತ್ತನ್ನು ಹಿಂದಕ್ಕೆ ಕೊಡುವುದರಲ್ಲಿ ಇಂಥ ಹಗಲಿನ ಆಶ್ರಯಕ್ಕೆ ಸಮನಾದದ್ದು ಯಾವ ಭತ್ಯೆಯೂ ಇಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ನಗರದ ಪ್ರತಿ ವಾರ್ಡಿನಲ್ಲಿಯೂ ನಡೆದುಹೋಗುವಷ್ಟು ದೂರದಲ್ಲಿ ಅಂಥದೊಂದು ಮನೆಯಿದ್ದು, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅದು ತೆರೆದಿದ್ದರೆ, ನಾವು ಕಲ್ಪಿಸಿದ ಉಪಾಧ್ಯಾಯಿನಿ ಮಗನ ಆರೈಕೆಗೆ ಚ್ಯುತಿಯಿಲ್ಲದೆ ತನ್ನ ಶಾಲೆಗೆ ಮರಳಬಹುದಾಗಿತ್ತು.

ಅದಾಗುವವರೆಗೆ ಮಾಡಬಹುದಾದ ಕೆಲವು ಕೆಲಸಗಳಿವೆ, ಅವು ತಡವಾಗಕೂಡದು. ವೈಕಲ್ಯವುಳ್ಳ ಮಗ ಅಥವಾ ಮಗಳಿರುವ ಪಿಂಚಣಿದಾರರು ತಾವು ಬದುಕಿರುವಾಗಲೇ ಆ ಮಗುವಿನ ಹೆಸರನ್ನು ಪಿಂಚಣಿ ಪಾವತಿಯ ಆದೇಶದಲ್ಲಿ ಸೇರಿಸಲು ತಮ್ಮ ಇಲಾಖೆಗೆ ವೈದ್ಯಪ್ರಮಾಣಪತ್ರದೊಡನೆ ಬರೆದುಕೊಳ್ಳಬೇಕು. ತಂದೆತಾಯಿಯರಿಬ್ಬರೂ ಹೋದ ಮೇಲೆ ಆ ಪ್ರಮಾಣಪತ್ರವನ್ನು ಹಿಡಿದು ಕಚೇರಿಗಳನ್ನು ಸುತ್ತುವವರು ಯಾರೂ ಇರುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿವೈಕಲ್ಯ ಅಥವಾ ಬಹುವಿಧ ವೈಕಲ್ಯವುಳ್ಳವನು ಹದಿನೆಂಟು ದಾಟಿದಮೇಲೆ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರನಾದರೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಯ ಮುಂದೆ ಪೋಷಕತ್ವಕ್ಕೆ ಅರ್ಜಿ ಕೊಡಬಹುದು. ಅದೇ ನ್ಯಾಸದ 'ನಿರಾಮಯ' ವಿಮೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸಾವೆಚ್ಚ ದೊರೆಯುತ್ತದೆ. ಚೆನ್ನೈ ಜಿಲ್ಲೆಯ ಕಲೆಕ್ಟರರ ಕಚೇರಿ ರಾಜಾಜಿ ರಸ್ತೆಯಲ್ಲಿದೆ. ಅಲ್ಲಿಗೆ ಅರ್ಜಿ ಕೊಂಡೊಯ್ಯುವ ಕೆಲಸವನ್ನೂ ತಾಯಿಗೇ ಬಿಡದೆ, ಆ ಒಂದು ದಿನ ಮನೆಯಲ್ಲಿ ಮಗನ ಬಳಿ ಕೂರಲು ಅಥವಾ ಅವಳ ಪರವಾಗಿ ಸಾಲಿನಲ್ಲಿ ನಿಲ್ಲಲು ನೆರೆಯವರೂ ಬಂಧುಗಳೂ ಮುಂದೆ ಬರಬೇಕೆಂದು ನಾನು ಕೈಮುಗಿದು ಬೇಡುತ್ತೇನೆ.